ಉಪ್ಪು ಬಂದ ಹೊಳೆ, ಮಾವು ಮುಳುಗಿದ ಭರಣಿ

ಟಾರ್ಟರ್ ಸಾಸಿನ ಜೀವ ಇರುವುದು ಮೇಯೊನೀಸಿನಲ್ಲಲ್ಲ, ಅದರೊಳಗೆ ಕೊಚ್ಚಿ ಹಾಕುವ ಉಪ್ಪಿನಕಾಯಿಯಲ್ಲಿ. ಫ್ರೆಂಚರು ಅದಕ್ಕೆ ಹುಳಿ ಹಿಡಿಸಿದ ಎಳೆಸೌತೆ, ಕೇಪರ್ ಮೊಗ್ಗು ಹಾಕುತ್ತಾರೆ. ಜಪಾನಿನವರು ಬೇಯಿಸಿದ ಮೊಟ್ಟೆಯನ್ನು ಧಾರಾಳವಾಗಿ ಪುಡಿ ಮಾಡಿ ಸುರಿದು, ಹಸಿ ಈರುಳ್ಳಿ ಸೇರಿಸಿ, ಹಲವು ಮನೆಗಳಲ್ಲಿ ತಮ್ಮೂರಿನ ಮೂಲಂಗಿ ಉಪ್ಪಿನಕಾಯಿ ತಕುವಾನನ್ನೋ ಗಡ್ಡೆಯ ರಕ್ಕ್ಯೊವನ್ನೋ ಕೊಚ್ಚಿ ಬೆರೆಸುತ್ತಾರೆ. ಹಾಗಾಗಿ ಅವರ ಸಾಸ್ ನಮ್ಮ ಗಟ್ಟಿ ಗೊಜ್ಜಿನ ಹಾಗೆ ಚಮಚದಲ್ಲಿ ನಿಲ್ಲುತ್ತದೆ. ಕರಿದ ಸಿಗಡಿ, ಕರಿದ ಮರುವಾಯಿಯ ಜಾತಿಯ ಚಿಪ್ಪುಮೀನು, ಕೋಳಿ, ಎಲ್ಲದಕ್ಕೂ ಅದು ಬೇಕು. ಟೊಯಿಚಿರೊ ನಕಾಶಿಮ ಎಂಬವರು ಅಮೆರಿಕದಲ್ಲಿ ಮೇಯೊನೀಸಿನ ರುಚಿ ಕಂಡು ಹಿಂತಿರುಗಿ, ಬರೀ ಹಳದಿ ಲೋಳೆ ಬಳಸಿ ಕ್ಯೂಪಿ ಮೇಯೊನೀಸನ್ನು ಮಾರುಕಟ್ಟೆಗೆ ತಂದದ್ದು 1925ರಲ್ಲಿ. ಅಂದರೆ ಆ ದೇಶದ ಅಡುಗೆಮನೆಯಲ್ಲಿ ಮೇಯೊನೀಸಿಗೆ ನೂರು ವರ್ಷ. ಉಪ್ಪಿನಕಾಯಿಗೆ ಎಷ್ಟು ನೂರೋ.

ಈ ಸಾಸನ್ನು ನನ್ನ ಕೈಯಲ್ಲಿ ಮಾಡಿಸಿದ್ದು ನನ್ನ ಪುಳ್ಳಿ. ಕಾಣೆ ಮೀನಿಗೆ ರವೆ ಹಚ್ಚಿ ಕರಿಯುವಾಗ, "ಅಜ್ಜಿ, ಇದಕ್ಕೆ ಜಪಾನಿನವರ ಟಾರ್ಟರ್ ಆಗಬೇಕಿತ್ತು" ಅಂದಳು. ಮೂಡುಬಿದಿರೆ ಪೇಟೆಯಲ್ಲಿ ಮೇಯೊನೀಸ್ ಸಿಗುತ್ತದೆ, ತಕುವಾನ್ ಎಲ್ಲಿಂದ ತರುವುದು? ನಾನು ಎದ್ದು ಹೋಗಿ ಭರಣಿಯಿಂದ ಒಂದು ನೀರುಕುಕ್ಕು ತೆಗೆದುಕೊಂಡು ಬಂದೆ. ಸಾಸಿನ ಮಾತು ಆಮೇಲೆ ಹೇಳುತ್ತೇನೆ. ಮೊದಲು ಆ ಭರಣಿಯ ಮಾತು.

ನೀರುಕುಕ್ಕು ಎಂದರೆ ಉಪ್ಪುನೀರಿನಲ್ಲಿ ಇಡಿಯಾಗಿ ಮುಳುಗಿಸಿಟ್ಟ ಮಾವಿನಕಾಯಿ. ಕನ್ನಡ ಮಾತಾಡುವ ಮನೆಗಳಲ್ಲಿ ನೀರುಮಾವಿನಕಾಯಿ. ಮೆಣಸಿಲ್ಲ, ಸಾಸಿವೆಯಿಲ್ಲ, ಎಣ್ಣೆಯಿಲ್ಲ. ಮಾವು, ಉಪ್ಪು, ನೀರು, ಅಷ್ಟೆ. ಅದರ ಜೋಡಿ ಉಪ್ಪಡ್ ಪಚ್ಚಿಲ್, ಹಲಸಿನ ಉಪ್ಪುಸೊಳೆ. ನಾನು ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಟ್ಟದ ಬುಡದ ಕಡೆ. ಮದುವೆಯಾಗಿ ಬಂದದ್ದು ಪಾಣೆಮಂಗಳೂರಿನ ಹೊಳೆಬದಿಗೆ. ಈಗ ಇರುವುದು ಮೂಡುಬಿದಿರೆಯಲ್ಲಿ, ಮಗಳ ಜೊತೆ. ಮೂರೂ ಮನೆಯ ಅಡುಗೆಕೋಣೆಯ ಕತ್ತಲೆ ಮೂಲೆಯಲ್ಲಿ ಭರಣಿ ಇತ್ತು, ಈಗಲೂ ಒಂದಿದೆ.

ತಾಯಿಮನೆಯಲ್ಲಿ ನೀರುಕುಕ್ಕು ಹಾಕುವ ದಿನ ಮಕ್ಕಳಿಗೂ ಕೆಲಸ. ಕಾಟು ಮಾವಿನ ಮರ ಹತ್ತುವವನು ಬಲೆ ಕಟ್ಟಿದ ಕೊಕ್ಕೆಯಲ್ಲಿ ಕಾಯಿ ಇಳಿಸಬೇಕು. ನೆಲಕ್ಕೆ ಬಿದ್ದದ್ದು ಅವತ್ತಿನ ಸಾರಿಗೆ ಹೋಗುತ್ತಿತ್ತೇ ಹೊರತು ಭರಣಿಗಲ್ಲ. ಪೆಟ್ಟು ತಿಂದ ಒಂದು ಕಾಯಿ ಇಡೀ ಭರಣಿಯನ್ನು ಕೆಡಿಸೀತು. ಬೆಳೆದ ಕಾಯಿ ಆಗಬೇಕು, ಹಣ್ಣಾಗುವ ಸುಳಿವೂ ಇರಬಾರದು. ತೊಟ್ಟನ್ನು ಒಂದಿಷ್ಟು ಉಳಿಸಿಯೇ ಕೊಯ್ಯಬೇಕು, ಸೊನೆ ಒಳಗೇ ನಿಲ್ಲಬೇಕು. ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಹರಡಿ ಪಸೆ ಆರಿಸುವುದು ನಮ್ಮ ಪಾಲು. ಅಮ್ಮ ಕಲ್ಲುಪ್ಪನ್ನು ನೀರಿಗೆ ಹಾಕಿ ಕುದಿಸಿ, ಕಸ ಸೋಸಿ, ಪೂರ್ತಿ ತಣಿಸುತ್ತಿದ್ದರು. ಹದ ನೋಡುವ ಬಗೆ ಒಂದಿತ್ತು: ತಣಿದ ಉಪ್ಪುನೀರಿಗೆ ಹಸಿ ಕೋಳಿಮೊಟ್ಟೆ ಬಿಡುವುದು. ಮುಳುಗಿದರೆ ಇನ್ನಷ್ಟು ಉಪ್ಪು, ತೇಲಿದರೆ ಸಾಕು. ತಾಜಾ ಮೊಟ್ಟೆ ತೇಲಬೇಕಾದರೆ ನೀರಿನಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಉಪ್ಪಿರಬೇಕು. ಕೊಳೆಸುವ ಜೀವಾಣುಗಳು ಆ ಉಪ್ಪಿನಲ್ಲಿ ತಲೆಯೆತ್ತುವುದು ಕಷ್ಟ. ಉಪ್ಪು ತಾಳಬಲ್ಲ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಮಾತ್ರ ನಿಧಾನಕ್ಕೆ ಕೆಲಸ ಮಾಡುತ್ತವೆ, ಕಾಯಿಯ ಹುಳಿಗೆ ಇನ್ನೊಂದು ಹುಳಿ ಸೇರುತ್ತದೆ. ಮೊಟ್ಟೆ ಮುಟ್ಟದ ಮನೆಗಳಲ್ಲಿ ನಾಲಿಗೆಯೇ ತಕ್ಕಡಿ.

ಆಮೇಲೆ ಭರಣಿಗೆ ಕಾಯಿ, ಮೇಲೆ ನೀರು, ಕಾಯಿ ತೇಲದಂತೆ ಚೆನ್ನಾಗಿ ತೊಳೆದ ಹೊಳೆಕಲ್ಲು. ಬಾಯಿಗೆ ಬಿಳಿ ಬಟ್ಟೆ ಬಿಗಿದು ಮುಚ್ಚಳ. ಮಳೆ ಹಿಡಿಯುವ ಹೊತ್ತಿಗೆ ಕಾಯಿಯ ಸಿಪ್ಪೆ ಸುಕ್ಕುಗಟ್ಟಿ, ಹಸಿರು ಹೋಗಿ, ಮಾಸಿದ ಹಳದಿಗೆ ತಿರುಗಿರುತ್ತದೆ. ಮೇಲೆ ಬಿಳಿ ಪೊರೆ ಕಂಡರೆ ಒಣಗಿದ ಸೌಟಿನಲ್ಲಿ ತೆಗೆದು ಚೆಲ್ಲುವುದು. ಒದ್ದೆ ಕೈ ಹಾಕಿದವರಿಗೆ ಅಮ್ಮನಿಂದ ಬೈಗುಳ ಖಂಡಿತ.

ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಈಗಿನವರು ಕೇಳಿದರೆ ಉತ್ತರ ಒಂದೇ: ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಘಟ್ಟದ ಬುಡದಲ್ಲಿ ಇನ್ನೂ ಜಾಸ್ತಿ. ತೋಡು ತುಂಬಿ ಸಂಕ ಮುಳುಗಿದರೆ ಪೇಟೆಯ ಮುಖ ಕಾಣುವುದು ಯಾವಾಗಲೋ. ಹಿತ್ತಲಲ್ಲಿ ತರಕಾರಿ ನಿಲ್ಲುವುದಿಲ್ಲ, ಕಡಲಿಗೆ ದೋಣಿ ಇಳಿಯುವುದಿಲ್ಲ, ಮೀನಿಲ್ಲ. ಹಾಗಾಗಿ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ, ಕೋಲ, ಆಟ ಎಲ್ಲ ಮುಗಿದು ಗೆಜ್ಜೆ ಬಿಚ್ಚುವ ಕಾಲಕ್ಕೆ, ಅಟ್ಟ ತುಂಬಿರಬೇಕು: ಒಣಮೀನು, ಹುರುಳಿ, ಬಿಸಿಲಿಗಿಟ್ಟ ಹಪ್ಪಳ, ಸಾಂಬಾರು ಸೌತೆ, ಕೆಳಗೆ ಸಾಲು ಭರಣಿ. ಆಟಿ ತಿಂಗಳು ಕಳೆಯುತ್ತಿದ್ದದ್ದು ಅದರಲ್ಲಿ. ಕುಚ್ಚಲಕ್ಕಿ ಗಂಜಿಗೆ ನೀರುಕುಕ್ಕು ಕಿವುಚಿ, ಹಸಿಮೆಣಸು ನುರಿದು, ಮೇಲೊಂದು ಹನಿ ತೆಂಗಿನೆಣ್ಣೆ. ಎಷ್ಟೋ ಮನೆಗಳಲ್ಲಿ ಅದು ಪಕ್ಕಕ್ಕೆ ಇಟ್ಟುಕೊಳ್ಳುವ ವ್ಯಂಜನ ಆಗಿರಲಿಲ್ಲ, ಅದೇ ಪದಾರ್ಥ. ಇದನ್ನು ಹಳೆಯ ಕಾಲದ ಸೊಗಸು ಎಂದು ಯಾರಾದರೂ ಹೊಗಳಿದರೆ ನನಗೆ ರೇಗುತ್ತದೆ. ಅದು ಹಸಿವಿನ ಲೆಕ್ಕಾಚಾರ.

ಆ ಲೆಕ್ಕಾಚಾರ ನಿಂತದ್ದು ಉಪ್ಪಿನ ಮೇಲೆ, ಉಪ್ಪು ನಿಂತದ್ದು ನೇತ್ರಾವತಿಯ ಮೇಲೆ. ಬೆಳ್ತಂಗಡಿಯಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಉಪ್ಪು ಹುಟ್ಟುವುದಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಗದ್ದೆಗಳಿಂದ, ಗೋವೆಯ ಕಡೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದದ್ದು ಅಲ್ಲಿಂದ ದೋಣಿಯಲ್ಲಿ ಹೊಳೆ ಹತ್ತಿ ಪಾಣೆಮಂಗಳೂರು, ಬಂಟ್ವಾಳದ ಕಡವುಗಳಿಗೆ ಬರುತ್ತಿತ್ತು. ಬಂಟ್ವಾಳ ಪೇಟೆ ಬೆಳೆದದ್ದೇ ಹಾಗೆ. ಮೇಲಿನಿಂದ ಅಕ್ಕಿ, ಅಡಿಕೆ, ಕಾಳುಮೆಣಸು ಇಳಿಯುವುದು, ಕೆಳಗಿನಿಂದ ಉಪ್ಪು, ಒಣಮೀನು ಹತ್ತುವುದು. ದೋಣಿ ನಿಲ್ಲುವಲ್ಲಿ ಎತ್ತಿನ ಗಾಡಿ, ಗಾಡಿ ನಿಲ್ಲುವಲ್ಲಿ ತಲೆಹೊರೆ. ಟಿಪ್ಪು ಬಿದ್ದ ಮೇಲೆ, 1801ರಲ್ಲಿ, ಕುಂಪಣಿಯ ಪರವಾಗಿ ನಾಡು ನೋಡಲು ಬಂದ ಫ್ರಾನ್ಸಿಸ್ ಬುಕಾನನ್ ನಡೆದದ್ದೂ ಇದೇ ದಾರಿಯಲ್ಲಿ: ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ. ಅವರ ಪುಸ್ತಕ 1807ರಲ್ಲಿ ಮೂರು ಸಂಪುಟಗಳಾಗಿ ಬಂತು. ಭತ್ತ, ಗೇಣಿ, ತೆರಿಗೆ ಎಲ್ಲದರ ಲೆಕ್ಕ ಕೇಳಿದ ಆ ಮನುಷ್ಯ ನಮ್ಮ ಕಡೆಯ ಯಾವುದಾದರೂ ಚಾವಡಿಯಲ್ಲಿ ಕೂತು ಗಂಜಿ ಉಂಡಿದ್ದರೆ ಒಳ್ಳೆಯದಿತ್ತು ಎಂದು ನನಗೆ ಆಗಾಗ ಅನಿಸುವುದುಂಟು.

ಮನೆಗೆ ಬಂದ ಉಪ್ಪಿಗೆ ಮರಿಗೆ. ಹಲಸಿನ ಮರದ ದಿಮ್ಮಿಯನ್ನು ಕೊರೆದು ಮಾಡಿದ, ತೊಟ್ಟಿಲಿನಷ್ಟು ಉದ್ದದ ಮರಿಗೆ ನಮ್ಮ ತಾಯಿಮನೆಯಲ್ಲಿತ್ತು. ಒಲೆಯಿಂದ ದೂರವಲ್ಲದ ಜಾಗ, ಹೊಗೆಯ ಬಿಸಿ ತಾಗಬೇಕು. ಆದರೂ ಮಳೆಗಾಲದಲ್ಲಿ ಉಪ್ಪು ಬೆವರುತ್ತಿತ್ತು. ಒಂದು ತುದಿ ತುಸು ತಗ್ಗು ಮಾಡಿಟ್ಟು, ಅಲ್ಲಿ ಸೇರುವ ಕಂದುನೀರನ್ನು ಅಮ್ಮ ಗೆರಟೆಯಲ್ಲಿ ಬಳಿದು ದನದ ಅಕ್ಕಚ್ಚಿಗೆ ಹಾಕುತ್ತಿದ್ದರು. ಉಪ್ಪಿನಲ್ಲಿ ಏನನ್ನೂ ಚೆಲ್ಲುವ ಕ್ರಮವೇ ಇರಲಿಲ್ಲ. ನೀರುಕುಕ್ಕು ಮುಗಿದ ಮೇಲೆ ಉಳಿದ ನೀರೂ ಸಾರಿಗೆ ಹೋಗುತ್ತಿತ್ತು.

ಅಷ್ಟು ಜೋಪಾನಕ್ಕೆ ಸರಕಾರವೂ ಕಾರಣ. ಮದರಾಸು ಸರಕಾರ ಉಪ್ಪನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡದ್ದು 1805ರಲ್ಲಿ. ಬೆಲೆ ಸರಕಾರ ಹೇಳಿದ್ದು. ಹೊಗೆಸೊಪ್ಪು, ಉಪ್ಪಿನ ಹಿಡಿತವೂ ಭೂಕಂದಾಯದ ಭಾರವೂ ಸೇರಿ ಈ ಜಿಲ್ಲೆಯ ಒಕ್ಕಲುಗಳನ್ನು ಕೆರಳಿಸಿದ್ದವು. 1830-31ರ ಕೂಟ ದಂಗೆ, ಮತ್ತೆ 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ಕಲ್ಯಾಣಸ್ವಾಮಿಯ ದಂಡು. ಆ ದಂಡು ಮಂಗಳೂರಿಗೆ ನುಗ್ಗಿದ್ದು ಪಾಣೆಮಂಗಳೂರು, ಬಂಟ್ವಾಳದ ಮೂಲಕವೇ. ಉಪ್ಪಿನ ತೆರಿಗೆ ಕೊನೆಗೂ ಹೋದದ್ದು 1947ರಲ್ಲಿ. ಅಂದರೆ ನನ್ನ ಅಜ್ಜಿ ತನ್ನ ಹರೆಯದಲ್ಲಿ ಹಾಕಿದ ಪ್ರತಿ ಭರಣಿಯಲ್ಲೂ ಬ್ರಿಟಿಷರ ಪಾಲೊಂದಿತ್ತು.

ಕೊಟ್ಟದ್ದು ಹೊಳೆ, ಕೊಂಡುಹೋದದ್ದೂ ಹೊಳೆ. ಬಂಟ್ವಾಳದವರಿಗೆ ಎರಡು ಇಸವಿ ಬಾಯಿಪಾಠ: 1923, 1974. ಎರಡೂ ದೊಡ್ಡ ನೆರೆಯ ವರ್ಷ. ನನಗೆ ಮದುವೆಯಾದದ್ದು 1974ರ ನೆರೆಯ ಮರುವರ್ಷ. ಗೋಡೆಯ ಮೇಲೆ ಕೆಸರಿನ ಗೆರೆ ಇನ್ನೂ ಅಳಿಸಿರಲಿಲ್ಲ. ಅಂಗಳಕ್ಕೆ ನೀರು ಬಂದಾಗ ಗಂಡಸರು ಭತ್ತದ ಮುಡಿಗಳನ್ನು ಅಟ್ಟಕ್ಕೆ ಏರಿಸಿದರೆ, ಮಾಮಿ ಮೊದಲು ಏರಿಸಿದ್ದು ಭರಣಿಗಳನ್ನಂತೆ. "ಭತ್ತ ನೆನೆದರೆ ಒಣಗಿಸಬಹುದು, ಇದಕ್ಕೆ ಹೊಳೆನೀರು ಸೇರಿದರೆ ಮುಗೀತಲ್ಲ ಮಗ" ಎಂದು ನನಗೆ ಹೇಳಿದ್ದರು. ಪೇಟೆಯ ಉಪ್ಪಿನ ದಾಸ್ತಾನೆಲ್ಲ ಕರಗಿ ಹೊಳೆ ಸೇರಿದ್ದನ್ನು ಅವರು ಯಾರೋ ಹತ್ತಿರದವರು ಸತ್ತ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಿದ್ದರು.

ಎಲ್ಲರ ಭರಣಿಯೂ ಒಂದೇ ಅಲ್ಲ. ಮೂಡುಬಿದಿರೆಗೆ ಬಂದ ಮೇಲೆ ನನಗೆ ಇದು ಚೆನ್ನಾಗಿ ಗೊತ್ತಾಯಿತು. ಹದಿನೆಂಟು ಬಸದಿಗಳ ಊರು. ಸಾವಿರ ಕಂಬದ ಬಸದಿ ಎದ್ದದ್ದು 1430ರಲ್ಲಿ, ಹಿಂದೆ ಇದ್ದದ್ದು ವ್ಯಾಪಾರಿಗಳ ಹಣ. ಇಲ್ಲಿನ ಜೈನ ಮನೆಗಳಲ್ಲಿ ಗಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ದೂರ. ಕಟ್ಟುನಿಟ್ಟಾಗಿ ವ್ರತ ಹಿಡಿದವರು ಹಳೆಯ ಉಪ್ಪಿನಕಾಯಿಯನ್ನೂ ಮುಟ್ಟುವುದಿಲ್ಲ. ಹುಳಿ ಬರುವುದೆಂದರೆ ಅಲ್ಲಿ ಜೀವ ಹುಟ್ಟುವುದು ಎಂಬುದು ಅವರ ವಿಚಾರ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಭರಣಿಯೊಳಗೆ ನಡೆಯುವುದನ್ನು ಅವರು ಊಹಿಸಿದ್ದು ಸರಿಯಾಗಿಯೇ ಇತ್ತು. ಬಂಟ್ವಾಳದ ಕೊಂಕಣಿಗರ ಪೇಟೆಯಲ್ಲಿ ಮಾವಿನ ನೋಣ್ಚೆಗೆ ಅರೆದ ಮಸಾಲೆ, ಇಂಗು. ಬಂಟರ, ಬಿಲ್ಲವರ, ಗೌಡರ ಮನೆಗಳಲ್ಲಿ ಉಪ್ಪಡ್ ಪಚ್ಚಿಲ್‌ಗೆ ಒಣಮೀನಿನ ಸಂಗಾತ. ಕ್ರೈಸ್ತರ ಮನೆಯಲ್ಲಿ ಭರಣಿಯ ಪಕ್ಕ ಇನ್ನೊಂದು ಬಾಟಲಿ: ಕಳ್ಳಿನಿಂದಾದ ಶಿರ್ಕೊ, ಅಂದರೆ ವಿನೆಗರ್. ಹಂದಿಮಾಂಸದ ಇಂದಾದ್‌ಗೆ ಅದು ಬೇಕೇ ಬೇಕು.

ಈ ಶಿರ್ಕೊವಿನ ದಾರಿ ಹಿಡಿದು ಹೋದರೆ ಜಪಾನ್ ಸಿಗುತ್ತದೆ. ಮಾಂಸ, ಮೀನನ್ನು ವಿನೆಗರಿನಲ್ಲಿ ನೆನೆಸಿಡುವ ಅಡುಗೆ ಪೋರ್ಚುಗೀಸರದ್ದು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಆ ಶತಮಾನದ ನಡುವೆ ಉಳ್ಳಾಲದ ಮೇಲೆ ಏರಿಬಂದರು, 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಅವರಿಗೆ ಎದುರು ನಿಂತ ಅಬ್ಬಕ್ಕ ಚೌಟರ ವಂಶದವಳು. ಆ ಚೌಟರ ಅರಮನೆ, ಕೆತ್ತನೆಯ ಮರದ ಕಂಬಗಳ ಸಮೇತ, ಇದೇ ಮೂಡುಬಿದಿರೆಯಲ್ಲಿ ಇವತ್ತಿಗೂ ಇದೆ. ಅತ್ತ ಪೋರ್ಚುಗೀಸರು ಜಪಾನಿನ ತನೆಗಾಶಿಮ ದ್ವೀಪ ಮುಟ್ಟಿದ್ದು 1543ರಲ್ಲಿ. ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿಗೆ ಕಾಲಿಟ್ಟದ್ದೂ ಗೋವೆಯಿಂದ ಹೊರಟೇ. ಮೆಣಸಿನಕಾಯಿ ಹಾಕಿದ ವಿನೆಗರಿನಲ್ಲಿ ಕರಿದ ಮೀನನ್ನು ನೆನೆಸುವ ಜಪಾನೀ ಅಡುಗೆಗೆ ನಾನ್‌ಬಾನ್ ಎಂದೇ ಹೆಸರು. ತೆಂಕಣ ಕಡಲಿನಿಂದ ಬಂದ ಆ ಪರದೇಶಿಗಳನ್ನು ಅವರು ಕರೆಯುತ್ತಿದ್ದದ್ದು ಹಾಗೆ. ಮಿಯಾಜಾಕಿ ಪ್ರಾಂತದ ನೊಬೆಓಕದಲ್ಲಿ ಕಳೆದ ಶತಮಾನದಲ್ಲಿ ಹುಟ್ಟಿದ ಚಿಕನ್ ನಾನ್‌ಬಾನಿಗೆ, ಅಂದರೆ ಹುಳಿಯಲ್ಲಿ ಅದ್ದಿದ ಕರಿದ ಕೋಳಿಗೆ, ಟಾರ್ಟರ್ ಸಾಸ್ ಸುರಿಯುವ ರೂಢಿ ಬಂದದ್ದು 1960ರ ದಶಕದಲ್ಲಿ. ಒಂದೇ ಜನ ಎರಡು ಕಡಲತೀರಕ್ಕೆ ಹುಳಿ ಹಂಚಿದರು. ನಮ್ಮಲ್ಲಿ ಅದು ಇಂದಾದ್ ಆಯಿತು, ಅವರಲ್ಲಿ ನಾನ್‌ಬಾನ್. ನೀರುಕುಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಅದು ಉಪ್ಪಿನ ಹುಳಿ, ಇದು ವಿನೆಗರಿನ ಹುಳಿ. ಎರಡನ್ನೂ ಒಂದು ಬಟ್ಟಲಿಗೆ ತಂದ ಪುಣ್ಯ ನನ್ನ ಪುಳ್ಳಿಯದು.

ಭರಣಿ ಹೋದದ್ದು ಹೇಗೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ, ಉದ್ದ ಹೇಳುವಂಥದ್ದೇನಿಲ್ಲ. ರಸ್ತೆಗಳಾದವು. ಘಟ್ಟದ ಮೇಲಿನ ತರಕಾರಿ ಆಷಾಢದಲ್ಲೂ ಬಿ.ಸಿ.ರೋಡಿನಲ್ಲಿ ಸಿಗತೊಡಗಿತು. 1979ರಲ್ಲಿ ಹಾಸನ–ಮಂಗಳೂರು ರೈಲು ಬಂಟ್ವಾಳದ ಮೂಲಕ ಓಡಿತು. ಫ್ರಿಜ್ ಬಂತು. ಮರಿಗೆಯ ಜಾಗಕ್ಕೆ ಒಂದು ಕಿಲೋ ಪುಡಿಉಪ್ಪಿನ ಪ್ಯಾಕೆಟ್ಟು. ಕಾಟು ಮಾವಿನ ಮರಗಳು ಬಿದ್ದ ಜಾಗದಲ್ಲಿ ರಬ್ಬರು ಎದ್ದಿತು, ಅಡಿಕೆ ಎದ್ದಿತು. ಹಸಿವು ಹೋದದ್ದಕ್ಕೆ ನನಗೆ ಸಂತೋಷವೇ. ಈಗ ಊರೂರಲ್ಲಿ 'ಆಟಿಡೊಂಜಿ ದಿನ' ಮಾಡುತ್ತಾರೆ. ಮೈಕು, ಸ್ವಾಗತ, ಸನ್ಮಾನ, ಕೊನೆಗೆ ಎಲೆಯ ತುದಿಯಲ್ಲಿ ಒಂದು ತುಣುಕು ಉಪ್ಪಡ್ ಪಚ್ಚಿಲ್, ಒಂದು ಚೂರು ನೀರುಕುಕ್ಕು. ಜನ ಅದರ ಫೋಟೊ ತೆಗೆದು, ಮುಖ ಹಿಂಡಿ ನುಂಗಿ, ಪಾಯಸಕ್ಕೆ ಹೋಗುತ್ತಾರೆ. ವರ್ಷಕ್ಕೊಮ್ಮೆ ನೆನಪಿಗೆ ತಿನ್ನುವ ಪದಾರ್ಥ ಉಳಿಯುವುದಿಲ್ಲ. ದಿನದ ಅಡುಗೆಗೆ ಬೇಕಾದರೆ ಮಾತ್ರ ಉಳಿದೀತು. ಅದು ಟಾರ್ಟರ್ ಸಾಸಿಗೆ ಬೇಕಾದರೂ ಆಗಬಹುದು, ನನ್ನ ತಕರಾರಿಲ್ಲ.

ಸರಿ, ನಾಲ್ಕು ಜನಕ್ಕೆ ಮಾಡುವ ಕ್ರಮ. ಮಧ್ಯಮ ಗಾತ್ರದ ಒಂದು ನೀರುಕುಕ್ಕನ್ನು ಅರ್ಧ ಗಂಟೆ ಸಾದಾ ನೀರಿನಲ್ಲಿ ಹಾಕಿ, ಒಮ್ಮೆ ನೀರು ಬದಲಿಸಿ, ಉಪ್ಪು ಇಳಿಸಿ. ಗೊರಟಿನಿಂದ ಬಿಡಿಸಿ, ಸಿಪ್ಪೆ ಸಮೇತ ಸಣ್ಣಗೆ ಕೊಚ್ಚಿ. ಸಿಪ್ಪೆ ಬಿಸಾಡಬೇಡಿ, ಹಲ್ಲಿಗೆ ಸಿಗುವುದು ಅದೇ. ಅರ್ಧ ಈರುಳ್ಳಿಯನ್ನು ಅಷ್ಟೇ ಸಣ್ಣಗೆ ಕೊಚ್ಚಿ, ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು, ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿ. ಇಲ್ಲದಿದ್ದರೆ ಸಾಸ್ ನೀರು ಬಿಡುತ್ತದೆ, ಖಾರವೂ ಕುತ್ತುತ್ತದೆ. ನಾಲ್ಕು ಮೊಟ್ಟೆ ಗಟ್ಟಿಯಾಗಿ ಬೇಯಿಸಿ. ಮೂರು ಹಳದಿಯನ್ನು ಆರು ಚಮಚ ಗಟ್ಟಿ ಮೇಯೊನೀಸಿನಲ್ಲಿ ನುಣ್ಣಗೆ ಕಲಸಿ, ಉಳಿದ ಒಂದನ್ನೂ ಬಿಳಿಯನ್ನೂ ಕಡಲೆಗಾತ್ರಕ್ಕೆ ಹೆಚ್ಚಿ ಸೇರಿಸಿ. ಚಿಟಿಕೆ ಸಕ್ಕರೆ, ಅರ್ಧ ಚಮಚ ವಿನೆಗರ್, ಕುಟ್ಟಿದ ಕಾಳುಮೆಣಸು. ಉಪ್ಪು ಕೊನೆಗೆ, ರುಚಿ ನೋಡಿ. ಹೆಚ್ಚಿನ ಸಲ ಬೇಕಾಗುವುದಿಲ್ಲ. ಮೇಯೊನೀಸ್ ಬೇಡವೆಂದರೆ ನೀರು ಬಸಿದ ಗಟ್ಟಿ ಮೊಸರಿಗೆ ಅರ್ಧ ಚಮಚ ಅರೆದ ಸಾಸಿವೆ, ಎರಡು ಚಮಚ ಎಣ್ಣೆ ಹಾಕಿ ಕಡೆಯಿರಿ. ತೆಂಗಿನೆಣ್ಣೆ ಬೇಡ, ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಕಾಳುಕಾಳಾಗುತ್ತದೆ. ಕಾಣೆಗೆ, ಸಿಗಡಿಗೆ, ನೀರುದೋಸೆಯ ಪಕ್ಕದ ಕೋಳಿಸುಕ್ಕಕ್ಕೂ ಇದು ಹೊಂದುತ್ತದೆ. ಬಂಗುಡೆಗೆ ಮಾತ್ರ ಒಗ್ಗುವುದಿಲ್ಲ, ಅದರ ಎಣ್ಣೆಯೇ ಸಾಕಷ್ಟು.

ಉಪ್ಪುಸೊಳೆಯನ್ನು ಇದಕ್ಕೆ ಹಾಕಿ ನೋಡಿದೆವು, ನಾರು ನಾರು, ಪ್ರಯೋಜನವಿಲ್ಲ. ಅದು ಪಲ್ಯಕ್ಕೆ, ರೊಟ್ಟಿಗೆ, ಉಂಡ್ಲಕಾಳಿಗೇ ಸರಿ.

ಕೊನೆಗೊಂದು ಮಾತು. ಭರಣಿಯ ಮಾವು ವರ್ಷ ಇದ್ದೀತು, ಈ ಸಾಸ್ ಇರುವುದಿಲ್ಲ. ಮನೆಯಲ್ಲೇ ಮೇಯೊನೀಸ್ ಕಡೆಯುವವರು ಹಸಿ ಮೊಟ್ಟೆಯ ವಿಷಯದಲ್ಲಿ ಜಾಗ್ರತೆ ಮಾಡಿ. ಹಸಿ ಮೊಟ್ಟೆಯ ಮೇಯೊನೀಸನ್ನು ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದೊಂದು ವರ್ಷಕ್ಕೆ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಬೇಯಿಸಿದ ಮೊಟ್ಟೆಯದ್ದಾದರೂ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಮತ್ತೆ ಈ ಬೇಸಿಗೆಗೆ ಎಲ್ಲಾದರೂ ಕಾಟು ಮಾವಿನ ಮರ ಕಂಡರೆ, ಹಣ್ಣಾಗುವ ಮೊದಲು ಹತ್ತು ಕಾಯಿ ಕೇಳಿ ಇಸಿದುಕೊಳ್ಳಿ. ಕಲ್ಲುಪ್ಪು ಅಂಗಡಿಯಲ್ಲಿ ಈಗಲೂ ಸಿಗುತ್ತದೆ.